ಮೂರು ಪರದೆ, ಏಳು ನೆರಳು

ಮಲಪ್ರಭೆಯ ದಂಡೆಯಲ್ಲಿ, ಕೆಂಪುಕಲ್ಲಿನ ಗುಡ್ಡದೊಳಗೆ ಒಂದು ಗವಿ. ಗವಿಯಲ್ಲಿ ಶಿವನ ದಯೆಯಿಂದ ಒಂದು ದೀಪ ಹಗಲಿರುಳೂ ಉರಿಯುತ್ತಿತ್ತು.

ಅದನ್ನು ಕಾಯುತ್ತಿದ್ದವರು ಮಹಾಲಿಂಗಜ್ಜ. ಅವರಿಗೊಬ್ಬ ಶಿಷ್ಯ, ಇಂದುಧರ. ಬೆಳಗ್ಗೆ ಊರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ಮಧ್ಯಾಹ್ನ ಉಂಡ ಮೇಲೆ ಗವಿಯ ಸೇವೆ. ಹುಡುಗಾಟ ಬಿಟ್ಟು ಮೂವತ್ತರ ಹತ್ತಿರ ಬಂದಿದ್ದರೂ ಕಂಪ್ಯೂಟರಿನ ಆಟ ಮಾತ್ರ ಬಿಟ್ಟಿರಲಿಲ್ಲ.

ಈಚೆಗೆ ಅವನು ಧ್ಯಾನಕ್ಕೆ ಕುಳಿತರೆ ಕಣ್ಣು ಮುಚ್ಚುತ್ತಿರಲಿಲ್ಲ.

ಅಜ್ಜ ಹತ್ತು ದಿನ ನೋಡಿದರು. ಹನ್ನೊಂದನೆಯ ದಿನ ಗವಿಯ ಬಾಗಿಲಲ್ಲಿ ಕೂತಾಗ ಕೇಳಿದರು. "ಯಾಕೋ ತಮ್ಮಾ, ರೆಪ್ಪಿಗೆ ಏನರ ಮೊಳಿ ಬಡದಾರೇನು?"

"ಅಜ್ಜಾರ, ನನಗ ಒಂದು ಗ್ರಾಫಿಕ್ಸ್ ಕಾರ್ಡು ಬೇಕಾಗೈತ್ರಿ."

"ಅಂದ್ರ?"

"ಕಂಪ್ಯೂಟರಿನೊಳಗ ಚಿತ್ರ ಬರದು ಪರದಿಗೆ ಕಳಸೋದು ಅದ ನೋಡ್ರಿ. ಮುಚ್ಚಿದ ಇಂಟರ್ನೆಟ್ ಸೆಂಟರಿನಿಂದ ಮೂರು ಮಾನಿಟರ್ ತಂದು ಇಟ್ಟೀನಿ. ಒಂದು ನಡುವ, ಒಂದು ಎಡಕ್ಕ, ಒಂದು ಬಲಕ್ಕ. ಮೂರೂ ಕೂಡಿ ಒಂದ ಬಯಲು ಕಾಣಬೇಕು."

"ಒಂದರಾಗ ಬಯಲು ಕಾಣಂಗಿಲ್ಲೇನು?"

ಇಂದುಧರ ತಲೆ ತಗ್ಗಿಸಿದ. ಆಮೇಲೆ ನಿಜ ಹೇಳಿದ.

"ಆಟದಾಗ ಎಡಗಡೆಯಿಂದ ಯಾರೋ ಬರ್ತಾನ್ರಿ. ಪರದಿಯ ಅಂಚಿನ ಆಚೆ ಇರ್ತಾನ. ನಾ ಆ ಕಡೆ ತಿರುಗೂದರೊಳಗ ನಾ ಸತ್ತಿರ್ತೀನಿ. ಯಾರು ಹೊಡದರು ಅಂತ ಕೆಳಗ ಹೆಸರು ಬರಬೇಕು. ಎಲ್ಲಾರದೂ ಬರ್ತೈತಿ. ಅವನದು ಬರಂಗಿಲ್ಲ. ಆ ಜಾಗಾ ಖಾಲಿ."

"ಹೂಂ."

"ಈಗ ಆಟ ಬಂದ್ ಮಾಡಿದ ಮ್ಯಾಲೂ ಇರ್ತಾನ್ರಿ. ಝೆರಾಕ್ಸ್ ತೆಗಿಯೋವಾಗ ಇರ್ತಾನ. ಇಲ್ಲೆ ಕಣ್ಣು ಮುಚ್ಚಿದ್ರ ಇನ್ನಷ್ಟು ಸನೇಕ ಬರ್ತಾನ. ಒಮ್ಮೆ ಅವನ್ನ ಪೂರ್ತಿ ನೋಡಿಬಿಟ್ರ ನನಗ ನಿದ್ದಿ ಬರ್ತೈತ್ರಿ. ಇಲ್ಲಾಂದ್ರ ತಲಿ ಕೆಟ್ಟು ಹೋಗ್ತೈತಿ."

ಅಜ್ಜ ನಗಲಿಲ್ಲ. ಹೆದರಲೂ ಇಲ್ಲ. ಅಡಿಕೆಯ ಚೂರೊಂದನ್ನು ದವಡೆಗೆ ಇಟ್ಟುಕೊಂಡರು.

"ಕಾರ್ಡು ನೋಡಿಯೇನು?"

"ನೋಡೀನ್ರಿ. ನನ್ನ ಹತ್ರ ಇರೋದು ಇಪ್ಪತ್ತೆರಡು ಸಾವಿರ. ಅಷ್ಟಕ್ಕ ಎರಡು ಸಿಗ್ತಾವ. ಒಂದು ಹೊಸಾದು, ಚಲೋ ಐತಿ, ಆದ್ರ ಆಟಕ್ಕ ಒಂದ ಪರದಿ ಎಳದೀತು ಅಂತಾರ. ಇನ್ನೊಂದು ಹಳೇದು, ಅದಕ್ಕ ನಾಕು ಬಾಯಿ ಅದಾವ. ಮೂರು ಪರದಿ ಹಚ್ಚಿದ್ರೂ ಒಂದು ಬಾಯಿ ಉಳೀತೈತಿ. ನಾಕು ಬಾಯಿದ ತೊಗೊಳ್ಳೋಣಂತ ಮಾಡೀನಿ."

"ಬಾಯಿ ಎಣಿಸಿ ಎತ್ತು ಕೊಂಡಂಗಾತು," ಅಂದರು ಅಜ್ಜ. "ಎದ್ದು ಒಳಗ ಬಾ."

ಗವಿಯೊಳಗೆ ಮಟಮಟ ಮಧ್ಯಾಹ್ನದಲ್ಲೂ ಕತ್ತಲೆ. ಲಿಂಗದ ಮುಂದೆ ಹಿತ್ತಾಳೆಯ ದೀಪ.

"ಈ ದೀಪಕ್ಕ ಎಷ್ಟು ಬಾಯಿ?"

"ಐದು ರೀ."

"ಎಷ್ಟು ಹಚ್ಚತೀವಿ?"

"ಒಂದು."

"ಯಾಕ?"

ಇಂದುಧರನಿಗೆ ಇದು ಬಾಯಿಪಾಠ. ಸೂರ್ಯ ಹುಟ್ಟುವಾಗ ಒಂದು ಮಿಳ್ಳೆ ಕುಸುಬೆ ಎಣ್ಣೆ ಹಾಕಬೇಕು. ಮರುದಿನ ಸೂರ್ಯ ಹುಟ್ಟುವವರೆಗೆ ಮತ್ತೆ ಹನಿಯೂ ಹಾಕುವಂತಿಲ್ಲ. ಅದು ಆ ಗವಿಯ ಕಟ್ಟಳೆ. ಒಂದು ಬತ್ತಿಗೆ ಅಷ್ಟು ಎಣ್ಣೆ ಸರಿಯಾಗಿ ಸಾಲುತ್ತಿತ್ತು.

"ಇವತ್ತ ಮೂರು ಹಚ್ಚು," ಅಂದರು ಅಜ್ಜ.

"ಅಜ್ಜಾರ! ಎಣ್ಣಿ ಬೆಳಗಿನತನಕ ಬರಂಗಿಲ್ರಿ. ದೀಪ ಆರತೈತಿ."

"ದೀಪದ ಲೆಕ್ಕ ನಿನಗ ಬರ್ತೈತಿ. ಕಾರ್ಡಿನ ಲೆಕ್ಕ ಯಾಕ ಬರವಲ್ದು? ಹಚ್ಚು."

ಗುರುವಿನ ಮಾತು. ಇಂದುಧರ ಇನ್ನೆರಡು ಬತ್ತಿ ಹೊಸೆದು ಹಚ್ಚಿದ.

"ದೀಪಕ್ಕ ಬೆನ್ನು ಕೊಟ್ಟು, ಗ್ವಾಡಿಗೆ ಮಾರಿ ಮಾಡಿ ಕೂಡು." ಅಜ್ಜನೂ ಅವನ ಬಲಕ್ಕೆ ಕುಳಿತರು. "ಈಗ ಎಡಕ್ಕೂ ಬೆಳಕೈತಿ, ಬಲಕ್ಕೂ ಐತಿ. ಏನು ಕಾಣ್ತೈತಿ?"

"ನೆರಳ್ರಿ."

"ಹೆಂಗ ಅದಾವ?"

"ಮಸುಕ ಅದಾವ. ಒಂದರ ಮ್ಯಾಲ ಒಂದು ಬಿದ್ದಾವ. ಯಾವುದು ನಂದು, ಯಾವುದು ನಿಮ್ಮದು ಗೊತ್ತಾಗವಲ್ದು."

"ಎಣಿಸು."

ಇಬ್ಬರು ಮನುಷ್ಯರು, ಮೂರು ಬತ್ತಿ. ಆರು ನೆರಳಿರಬೇಕು.

ಇಂದುಧರ ಎಣಿಸಿದ. ಮತ್ತೆ ಎಣಿಸಿದ.

"ಏಳು ಅದಾವ್ರಿ."

"ಹೂಂ."

"ಎಡಗಡೆ ಅಂಚಿಗೆ ಒಂದು ಹೆಚ್ಚಿಗಿ ಐತ್ರಿ."

"ಕೈ ಎತ್ತು."

ಅವನು ಬಲಗೈ ಎತ್ತಿದ. ಗೋಡೆಯ ಮೇಲೆ ಮೂರು ಕೈ ಎದ್ದವು. ಅಂಚಿನದು ಏಳಲಿಲ್ಲ.

ಹೊರಗೆ ನದಿಯ ಸಪ್ಪಳವಿತ್ತು. ಅದೂ ನಿಂತಂತಾಯಿತು. ಹಿಂದೆ ನೋಡಬೇಕೆಂದರೆ ಕುತ್ತಿಗೆ ತಿರುಗಲಿಲ್ಲ.

"ಅಜ್ಜಾರ, ಇನ್ನೆರಡು ಬಾಯಿ ಅದಾವಲ್ರಿ. ಅವನ್ನೂ ಹಚ್ಚೂಣ್ರಿ. ಬೆಳಕು ಸಾಲವಲ್ದು."

"ಹಚ್ಚಿದ್ರ ಮತ್ತಷ್ಟು ಮಸುಕಾಗ್ತೈತಿ. ಹತ್ತು ಪರದಿ ಇಟ್ಟರೂ ಹನ್ನೊಂದನೇದಕ್ಕ ಜಾಗಾ ಉಳೀತೈತಿ. ಬೆನ್ನ ಹಿಂದ ಯಾವ ಪರದಿ ಇಡ್ತಿ?"

ಅಜ್ಜ ಮೊಣಕಾಲಿಗೆ ಕೈ ಕೊಟ್ಟು ಎದ್ದರು. ಅವರ ನೆರಳುಗಳೂ ಎದ್ದವು. ಇಂದುಧರನ ನೆರಳುಗಳು ಕೂತೇ ಇದ್ದವು. ಅವುಗಳ ಜೊತೆ ಆ ಏಳನೆಯದೂ ಕೂತೇ ಇತ್ತು.

ಅಜ್ಜ ಬೆರಳಿನಿಂದ ಒಂದು ಬತ್ತಿ ಹಿಂಡಿದರು. ಚುಂಯ್ ಅಂದಿತು. ಇನ್ನೊಂದನ್ನೂ ಹಿಂಡಿದರು. ಬಂದು ಮೊದಲಿನ ಜಾಗದಲ್ಲಿ ಕುಳಿತರು.

ಈಗ ಒಂದೇ ಬತ್ತಿ. ಅದರ ಜ್ವಾಲೆ ನೆಟ್ಟಗೆ ನಿಂತಿತು. ಗೋಡೆ ತಿಳಿಯಾಯಿತು.

ಎರಡು ನೆರಳಿರಬೇಕು.

ಮೂರಿದ್ದವು.

ಮೂರೂ ಕೊರೆದಿಟ್ಟಷ್ಟು ಸ್ಪಷ್ಟ. ಬಲಕ್ಕೆ ಅಜ್ಜನ ಬಾಗಿದ ಬೆನ್ನು. ನಡುವೆ ಇಂದುಧರ. ಎಡಕ್ಕೆ ಮತ್ತೊಬ್ಬ, ಮೈ ಅಲ್ಲಾಡಿಸದೆ, ಕಾಲು ಮಡಚಿ ಕೂತವನು.

"ಈಗ ಪೂರ್ತಿ ಕಾಣ್ತಾನಿಲ್ಲ?" ಅಜ್ಜ ಮೆಲ್ಲಗೆ ಕೇಳಿದರು.

"ಕಾಣ್ತಾನ್ರಿ."

"ಹೊಡಿಲಿಕ್ಕೆ ಕೈ ಎತ್ಯಾನೇನು?"

ಇಂದುಧರ ನೋಡಿದ. ಇಷ್ಟು ದಿನ ಅವನು ಅಂಚಿಗೆ ಹೆದರಿದ್ದನೇ ಹೊರತು ಅಂಚಿನಲ್ಲಿದ್ದವನನ್ನು ನೋಡಿರಲಿಲ್ಲ.

"ಇಲ್ರಿ. ಸುಮ್ಮನ ಕುಂತಾನ."

"ಏನು ಹಿಡದಾನ?"

"ಏನೂ ಇಲ್ರಿ. ಬರಿಗೈ. ತೊಡಿ ಮ್ಯಾಲ ಇಟ್ಕೊಂಡಾನ... ಅಜ್ಜಾರ, ಯಾರ್ರೀ ಇವರು?"

"ನಾ ಈ ಗವಿಗೆ ಬಂದ ಹೊಸದರಾಗ ನಾನೂ ಹಿಂಗ ಕೇಳಿದ್ದೆ. ಕೇಳೂದಕ್ಕಿಂತ ಮೊದಲ ಮೂರು ಸಲ ಹೊಳಿ ದಾಟಿ ಓಡಿ ಹೋಗಿದ್ದೆ. ಮೂರು ಸಲಾನೂ ನನಗಿಂತ ಮೊದಲ ಆಚೆ ದಂಡ್ಯಾಗ ನಿಂತಿದ್ದ."

"ನಿಮ್ಮ ಗುರುಗಳು ಏನು ಹೇಳಿದ್ರು?"

"ದಿನಾ ಯಾರಿಗೆ ದೀಪಾ ಹಚ್ಚತಿ, ಅಂದ್ರು."

ಇಂದುಧರ ಎಡಗಡೆಯ ನೆರಳನ್ನು ಮತ್ತೆ ನೋಡಿದ. ಮೈಯ ನಡುಕ ಇನ್ನೂ ಇತ್ತು, ಆದರೆ ಅದರ ಬಣ್ಣ ಬದಲಾಗಿತ್ತು. ಗರ್ಭಗುಡಿಯ ಪರದೆ ಸರಿಯುವಾಗ ಬರುತ್ತದಲ್ಲ, ಅಂಥದ್ದು.

ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. ಹಳೆ ಕಾರ್ಡು ಮಾರುವವನು ಕರೆಯುತ್ತಿದ್ದ.

"ಹಂಗಾದ್ರ ಕಾರ್ಡು, ಅಜ್ಜಾರ?"

"ಒಂದು ಪರದಿ ಚಲೋತ್ನಂಗ ತೋರಸೋದು ತೊಗೋ. ಆಟಾ ಆಡು, ಯಾರು ಬ್ಯಾಡಂದಾರ? ಮಾನಿಟರ್ ಎರಡು ಯಾರಿಗರ ಕೊಟ್ಟುಬಿಡು."

ಇಂದುಧರ ಫೋನು ಬಂದ್ ಮಾಡಿದ. ಗೋಡೆಯ ಕಡೆ ಮುಖವಿಟ್ಟೇ, ಎಷ್ಟೋ ದಿನದ ಮೇಲೆ, ಕಣ್ಣು ಮುಚ್ಚಿದ.

ಎಡ ಭುಜಕ್ಕೆ ಏನೋ ತಣ್ಣಗೆ ತಗುಲಿತು. ನದಿಯ ಗಾಳಿ ಅಂದುಕೊಂಡ. ಗಾಳಿಗೆ ಉಸಿರಿನ ಲಯವಿತ್ತು.

ಅವನು ಕಣ್ಣು ತೆರೆಯಲಿಲ್ಲ. "ಅಜ್ಜಾರ," ಎಂದು ಪಿಸುಗುಟ್ಟಿದ.

"ಸ್ವಲ್ಪ ಸರಿ, ತಮ್ಮಾ," ಅಂದರು ಅಜ್ಜ. "ಅವಗ ಜಾಗಾ ಸಾಲವಲ್ದು."