ಬೋರಲು ಹಾಕಿದ ಕೊಡ

ಪೂಜ್ಯ ಗಂಗಾತಾಯಿಯವರು ಮಠ ಕಟ್ಟಿಸಿದವರಲ್ಲ, ಪಲ್ಲಕ್ಕಿ ಏರಿದವರಲ್ಲ. ಮುದಗಲ್ಲಿನ ದಾರಿಯಲ್ಲಿ ಒಂದು ಬೇವಿನ ಮರ, ಅದರಡಿ ಒಂದು ಅರವಟಿಗೆ. ಬಿಸಿಲಲ್ಲಿ ಬಂದವರ ಬೊಗಸೆಗೆ ನೀರೆರೆಯುವುದೇ ಅವರ ಪೂಜೆ.

ಒಂದು ಬೇಸಿಗೆಯಲ್ಲಿ ರುದ್ರಮುನಿ ಮಾಸ್ತರರು ಅಲ್ಲಿಗೆ ಬಂದರು. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವರು, ಭಾರೀ ವಿಚಾರವಂತರು. ಏನು ಮಾಡುವುದು, ಮನಸ್ಸಿಗೆ ಕಾಯಿಲೆ! ಅದು ಕವಿಯಿತೆಂದರೆ ವಾರಗಟ್ಟಲೆ ಹಾಸಿಗೆ ಬಿಟ್ಟೇಳಲು ಆಗುತ್ತಿರಲಿಲ್ಲ. ಮೂರು ಊರುಗಳಲ್ಲಿ ನೌಕರಿ ಹೋಗಿ, ‘ಹುಚ್ಚ ಮಾಸ್ತರ’ ಎಂಬ ಹೆಸರೊಂದೇ ಉಳಿದಿತ್ತು.

ಅವರಿಗೆ ದೇವರ ಮೇಲೂ ನಂಬಿಕೆಯಿಲ್ಲ, ಸಾಧುಸಂತರ ಮೇಲೂ ಇಲ್ಲ. ನೀರು ಕುಡಿದು ಚುಚ್ಚಿಯೇ ಕೇಳಿದರು: “ಎಲ್ಲಾರಿಗೂ ಒಂದು ಕಾಯಕ ಅದ ಅಂತೀರಲ್ಲವ್ವಾ, ನನ್ನಂಥವಗ ಯಾವ ಕಾಯಕ ಅದ?”

ತಾಯಿಯವರು ಮಣ್ಣಿನ ಕೊಡವೊಂದನ್ನು ಮುಂದಿಟ್ಟರು. “ಇದು ನಿಂದು. ಬಾವಿ ಅಲ್ಲೇ ಅದ, ತಮ್ಮಾ.”

ಮಾಸ್ತರರು ಊರಲ್ಲೇ ಒಂದು ಕೋಣೆ ಹಿಡಿದು ನೀರು ಹೊರತೊಡಗಿದರು. ‘ಇದೂ ಒಂದು ಕೆಲಸವೇ?’ ಎಂದು ಮನಸ್ಸು ವಾದ ಹೂಡುತ್ತಿತ್ತು. ಬಾಯಾರಿದವನೊಬ್ಬ ಬಂದು ನಿಂತರೆ ವಾದ ಅರ್ಧಕ್ಕೇ ನಿಲ್ಲುತ್ತಿತ್ತು.

ತಿಂಗಳೊಪ್ಪತ್ತಿನಲ್ಲಿ ಕಾಯಿಲೆ ಮರಳಿತು. ಹತ್ತೊಂಬತ್ತು ದಿನ ಕದ ಮುಚ್ಚಿ ಬಿದ್ದಿದ್ದವರು ಇಪ್ಪತ್ತನೆಯ ದಿನ ಕಾಲೆಳೆದುಕೊಂಡು ಬಂದು ನೋಡುತ್ತಾರೆ, ತಮ್ಮ ಕೊಡ ಬೋರಲು! ಮಳೆ ಬಿದ್ದು ಅರವಟಿಗೆ ಮುಗಿದಾಗಲೇ ಕೊಡ ಬೋರಲು ಹಾಕುವುದು ವಾಡಿಕೆ. ಇಲ್ಲಿಯೂ ನನ್ನ ಋಣ ತೀರಿತು ಎಂದುಕೊಂಡರು ಮಾಸ್ತರರು. ಬಂದ ದಾರಿಯಲ್ಲೇ ಹಿಂದಿರುಗಿದರು.

ನೀರು ಕುಡಿಯುತ್ತಿದ್ದ, ದಿನವೂ ಆ ದಾರಿಯಲ್ಲೇ ಗಾಡಿ ಹೊಡೆಯುವ ಹನುಮವ್ವ ಕೂಗಿದಳು: “ಎಲ್ಲಿಗೆ ಹೊಂಟ್ರಿ ಮಾಸ್ತರ? ನಿಮ್ಮ ಕೊಡ ಅವ್ವಾರು ಯಾರಿಗೂ ಮುಟ್ಟಗೊಟ್ಟಿಲ್ಲ. ಧೂಳ ಬೀಳಬಾರದಂತ ದಿನಾ ತೊಳದು ಬೋರಲ ಹಾಕ್ತಾರ. ನಿಮ್ಮ ಪಾಲಿನ ನೀರೂ ತಾವೇ ಹೊತ್ತಾರ.”

ಮಾಸ್ತರರು ತಿರುಗಿ ನೋಡಿದರು. ಎಪ್ಪತ್ತು ದಾಟಿದ ತಾಯಿಯವರ ಹೆಗಲು ಬಾತಿತ್ತು. ಮಾಸ್ತರರಿಗೆ ಅಳು ತಡೆಯಲಾಗಲಿಲ್ಲ. “ಅವ್ವಾ, ಈ ರೋಗ ಹೋಗಂಗಿಲ್ಲ. ಮತ್ತ ಬರತದ.”

“ಬರಲಿ. ನೀ ಬರದ ದಿನ ನಾ ತರತೀನಿ, ಬಂದ ದಿನ ನೀ ತಾ. ಡಾಕ್ಟರ್ ಕೊಟ್ಟ ಗುಳಿಗಿ ಮಾತ್ರ ತಪ್ಪಸಬ್ಯಾಡ.”

ಕಾಯಿಲೆ ಆಮೇಲೆ ವಾಸಿಯಾಯಿತೆಂದು ಸುಳ್ಳು ಹೇಳಲಾರೆ. ಅದು ಬರುತ್ತಲೇ ಇತ್ತು. ಮಾಸ್ತರರು ಬೀಳುತ್ತಿದ್ದರು, ಎದ್ದ ದಿನ ಕೊಡ ಎತ್ತಿಕೊಂಡು ಬಾವಿಗೆ ಹೋಗುತ್ತಿದ್ದರು. ಆರು ಬೇಸಿಗೆ ಹೀಗೆಯೇ ನಡೆಯಿತು. ಏಳನೆಯದರಲ್ಲಿ ತಾಯಿಯವರು ಲಿಂಗೈಕ್ಯರಾದರು. ಆಗಲೂ ಮಾಸ್ತರರು ಹಾಸಿಗೆ ಹಿಡಿದಿದ್ದರು. ಸುದ್ದಿ ಕೇಳಿ ಗೋಡೆ ಹಿಡಿದು ಎದ್ದು ಬಂದರು. ತಾಯಿಯವರ ಕೊಡವನ್ನು ತೊಳೆದು, ಧೂಳು ಬೀಳದಂತೆ ಬೋರಲು ಹಾಕಿ, ಆ ದಿನ ಇಬ್ಬರ ಪಾಲಿನ ನೀರನ್ನೂ ತಾವೇ ತಂದರು.