ಹಸಿರು ಮುಕ್ಕೋನ

"ಗುರುಗಳೇ, ನನ್ನ ಮಾತಿಗೆ ಜಾಗವಿಲ್ಲದ ಮಠದಲ್ಲಿ ನಾನು ಇರಬೇಕೇ, ಹೋಗಬೇಕೇ?"

ಕಲ್ಲಿನಾಥ ಹೀಗೆ ಕೇಳುವಾಗ ಅವನ ಬಟ್ಟೆಯ ಗಂಟು ಆಗಲೇ ಹೆಗಲೇರಿತ್ತು. ಅವನು ಕುಂಬಾರರ ಮನೆಯಿಂದ ಬಂದ ಶಿಷ್ಯ. ಹಿಂದಿನ ಸಂಜೆ ಮೊದಲ ಬಾರಿಗೆ ಪ್ರವಚನಕ್ಕೆ ಕುಳಿತು, ತಾನು ಬಲ್ಲ ಮಣ್ಣು, ಮಡಕೆ ತಿರುಗಿಸುವ ತಿಗರಿ, ಮಡಕೆ ಸುಡುವ ಆವಿಗೆಗಳ ಮಾತಿನಲ್ಲಿ ದೇವರ ವಿಷಯ ಹೇಳತೊಡಗಿದ್ದ. ಹಿರಿಯ ಶಿಷ್ಯರು ನಡುವೆಯೇ ಕೈ ಎತ್ತಿ ನಿಲ್ಲಿಸಿದರು. ಮಡಕೆಯ ಮಾತು ಸಂತೆಯಲ್ಲಿರಲಿ, ಮಠದಲ್ಲಿ ಬೇಡ ಎಂದರು. ಕುಳಿತ ಜನ ನಕ್ಕರು. ಆ ನಗು ಬೆಳಗಿನವರೆಗೂ ಅವನ ಕಿವಿಯಲ್ಲೇ ಇತ್ತು.

ಗುರುಗಳು ಗಂಟಿನ ಕಡೆ ಒಮ್ಮೆ ನೋಡಿದರು. "ಬಾಗಿಲು ತೆರೆದೇ ಇದೆ, ಯಾರೂ ಹಿಡಿದುಕೊಂಡಿಲ್ಲ. ಹೋಗುವ ಮೊದಲು ಒಂದು ಕತೆ ಕೇಳಿಸಿಕೊಂಡು ಹೋಗು. ಗಂಟು ಇಳಿಸಬೇಕೆಂದೇನೂ ಇಲ್ಲ, ನಿಂತೇ ಕೇಳು" ಎಂದು ಹೇಳತೊಡಗಿದರು.

ಒಂದು ಮನೆಯಲ್ಲಿ ಒಂದು ಪದ್ಧತಿ ಇತ್ತು. ಸೊಸೆ ಮೊದಲ ಬಾರಿ ಬಸುರಾದಾಗ ಅಲ್ಲಿ ಹೊಸ ಕೌದಿಗೆ ಕೈ ಹಚ್ಚುತ್ತಿದ್ದರು. ಮನೆಯ ಹೆಂಗಸರೆಲ್ಲ ಕೂತು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿಯುವರು, ಒಂದು ಮೂಲೆಯನ್ನು ಮಾತ್ರ ಬಿಡುವರು. ಆ ಮೂಲೆಗೆ ಸೊಸೆ ತನ್ನ ಕೈಯಾರೆ ಒಂದು ಚೌಕ ಹೊಲಿದು ಸೇರಿಸಬೇಕು. ಸೇರಿತೋ, ಅವಳು ಆ ಮನೆಯವಳು. ಸೇರಲಿಲ್ಲವೋ, ರೊಟ್ಟಿ ಬಡಿಯಲು ಬಂದವಳು. ಚೌಕ ಸೇರಿದ ಮೇಲೆ, ಮೂಲೆ ಮುಚ್ಚುವ ಮೊದಲು ಅತ್ತೆಯಾದವಳು ಒಳಗೆ ರೊಟ್ಟಿಯ ಚೂರು, ಚಿಟಿಕೆ ಸಕ್ಕರೆ ಇಡುವಳು. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹೊಟ್ಟೆ ತುಂಬಿದ ಕೌದಿಯನ್ನು ಆಮೇಲೆ ಯಾರೂ ಬಿಚ್ಚುವಂತಿಲ್ಲ.

ಆ ಮನೆಗೆ ಬಂದ ಸೊಸೆ ಹುಟ್ಟಿದಾಗಿನಿಂದ ಸೂಜಿ ಹಿಡಿದವಳಲ್ಲ. ಅತ್ತೆ ಕೂರಿಸಿಕೊಂಡು ಕಲಿಸಿದಳು. ಚೌಕದ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಿ ಕತ್ತರಿಸು, ಎರಡು ಮುಕ್ಕೋನ ಆಗುತ್ತವೆ. ಒಂದು ಬಣ್ಣದ ಮುಕ್ಕೋನಕ್ಕೆ ಇನ್ನೊಂದು ಬಣ್ಣದ್ದನ್ನು ಕೂಡಿಸು, ಮತ್ತೆ ಚೌಕ ಆಗುತ್ತದೆ. ಇಷ್ಟೇ. ಹೀಗಿಟ್ಟರೆ ಗುಡ್ಡ, ಹಾಗಿಟ್ಟರೆ ಹಕ್ಕಿಯ ರೆಕ್ಕೆ, ನಾಲ್ಕನ್ನು ಸೇರಿಸಿದರೆ ಗಿರಗಿಟ್ಟಲೆ. ಯಾವ ಕಡೆ ತಿರುಗಿಸಿದರೂ ಕೌದಿಗೆ ಹೊಂದುತ್ತದೆ. ಕಲಿಯುವವರಿಗೆ ಇದಕ್ಕಿಂತ ಸುಲಭದ್ದಿಲ್ಲ, ಕಲಿತವರಿಗೂ ಇದೊಂದು ಸಾಕು. ಅತ್ತೆ ಕಲಿಸಿದ್ದರಲ್ಲಿ ಏನೂ ಮೋಸವಿರಲಿಲ್ಲ, ಅದನ್ನು ಒಪ್ಪಬೇಕು.

ಸೊಸೆ ಒಂದು ಮುಕ್ಕೋನವನ್ನು ಆ ಮನೆಯ ಹಳೆಯ ಕೆಂಪು ಸೀರೆಯಿಂದ ಕತ್ತರಿಸಿದಳು. ಇನ್ನೊಂದನ್ನು ತನ್ನ ಪೆಟ್ಟಿಗೆಯಲ್ಲಿದ್ದ ಹಸಿರು ಖಣದ ಕುಪ್ಪಸದಿಂದ ಕತ್ತರಿಸಿದಳು. ಅದು ತೀರಿಕೊಂಡ ತಾಯಿಯದು. ತಾಯಿಯದೆಂದು ಅವಳ ಬಳಿ ಉಳಿದದ್ದು ಅದೊಂದೇ. ಹುಟ್ಟುವ ಮಗುವನ್ನು ಆ ಕೌದಿಯಲ್ಲಿ ಮಲಗಿಸುತ್ತಾರೆ. ಅಜ್ಜಿಯ ಬಟ್ಟೆ ಅಂಗೈಯಗಲವಾದರೂ ಮಗುವಿನ ಮೈಗೆ ತಾಗಲಿ ಎಂದು ಅವಳ ಆಸೆ. ದೊಡ್ಡ ಆಸೆಯೇನಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ಅದೇ.

ತಮ್ಮಾ, ನೀನು ಹೊಲಿಗೆ ಹಾಕಿದವನಲ್ಲ, ಹೇಳುತ್ತೇನೆ ಕೇಳು. ಓರೆಯಾಗಿ ಕತ್ತರಿಸಿದ ಬಟ್ಟೆ ಜಗ್ಗಿದರೆ ಹಿಗ್ಗುತ್ತದೆ. ಹೊಸಬಳಿಗೆ ಅದು ತಿಳಿಯದು. ಜಗ್ಗಿ ಜಗ್ಗಿ ಹೊಲಿದಳು, ಚೌಕ ಸೊಟ್ಟಗಾಯಿತು. ಅತ್ತೆ ಎತ್ತಿ ನೋಡಿ ಮೂಗು ಮುರಿದಳು. ಸೂಜಿಯ ಮೊನೆಯಿಂದ ಹೊಲಿಗೆ ಬಿಚ್ಚಿ, ಹಸಿರು ಮುಕ್ಕೋನವನ್ನು ಸೊಸೆಯ ಮಡಿಲಿಗೆ ಎಸೆದಳು. ಸೊಟ್ಟಗಿದೆ ಎಂದಳು. ಸೊಟ್ಟಗೇ ಇತ್ತು, ಸುಳ್ಳಲ್ಲ.

ಬಿಚ್ಚಿದ ಬಟ್ಟೆಯ ಅಂಚಿನಲ್ಲಿ ಎಳೆ ಎದ್ದಿತ್ತು, ಅದು ಮತ್ತೆ ಹೊಲಿಗೆಗೆ ಬಾರದು. ಸೊಸೆ ಕುಪ್ಪಸದಿಂದ ಇನ್ನೊಂದು ಮುಕ್ಕೋನ ಕತ್ತರಿಸಿದಳು. ಈ ಸಲ ಜಗ್ಗಲಿಲ್ಲ. ಆದರೆ ಹೊಲಿಗೆಯ ಸಂದಿನಲ್ಲಿ ಬೆರಳು ತೂರುತ್ತದೆ ಎಂದು ಅತ್ತೆ ಬಿಚ್ಚಿದಳು. ಸೊಸೆ ಮತ್ತೆ ಹೊಲಿದಳು. ಮಗ್ಗುಲ ಚೌಕಕ್ಕೆ ಮೂಲೆ ಕೂಡಿಲ್ಲ ಎಂದು ಅತ್ತೆ ಬಿಚ್ಚಿದಳು. ಹೊಲಿಗೆ ಸುಧಾರಿಸಿದಂತೆಲ್ಲ ತಪ್ಪು ಹುಡುಕಲು ಅತ್ತೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು, ಆದರೂ ಹುಡುಕುತ್ತಿದ್ದಳು. ನೆರೆಮನೆಯವರಿಗೆ ಇದೊಂದು ನಗುವ ವಿಷಯವಾಯಿತು. ಗಂಡಂದಿರು ಏನು ಹೇಳುತ್ತಾರೋ ಅದನ್ನೇ ಗಂಡನೂ ಹೇಳಿದ: ಒಂದು ತುಂಡು ಬಟ್ಟೆಗೆ ಯಾಕಿಷ್ಟು ಹಟ, ನಮ್ಮ ಮನೆಯದೇ ಒಂದು ಹಚ್ಚಿ ಮುಗಿಸು. ಅವಳು ಸೊಪ್ಪು ಹಾಕಲಿಲ್ಲ. ಅತ್ತಳೇ ಎಂದು ಕೇಳುತ್ತೀಯೇನು? ಅತ್ತಳು. ಅಳುತ್ತಲೇ ಸೂಜಿಗೆ ದಾರ ಪೋಣಿಸಿದಳು.

ಕುಪ್ಪಸ ಮುಗಿಯುತ್ತ ಬಂತು. ಕೊನೆಗೆ ಒಂದೇ ಮುಕ್ಕೋನಕ್ಕೆ ಆಗುವಷ್ಟು ಬಟ್ಟೆ ಉಳಿಯಿತು. ಈ ಸಲ ಬಿಚ್ಚಿದರೆ ತಾಯಿಯ ಗುರುತೂ ಇಲ್ಲ, ಹಟವೂ ಇಲ್ಲ, ಮುಗಿಯಿತು. ಅದನ್ನು ಪೆಟ್ಟಿಗೆಯಲ್ಲೇ ಜೋಪಾನವಾಗಿ ಇಟ್ಟುಕೊಂಡಿದ್ದರೆ ನೆನಪಿಗಾದರೂ ಇರುತ್ತಿತ್ತು. ಅವಳು ಇಟ್ಟುಕೊಳ್ಳಲಿಲ್ಲ, ಕತ್ತರಿಸಿದಳು. ಸೂಜಿಯನ್ನು ಒಂದು ಹೆಜ್ಜೆ ಮುಂದೆ ಹಾಕಿ ಅರ್ಧ ಹೆಜ್ಜೆ ಹಿಂದಕ್ಕೆ ತಂದು, ಒಂದು ಹೊಲಿಗೆಯ ಬಾಲದ ಮೇಲೆ ಇನ್ನೊಂದು ಹೊಲಿಗೆ ಕೂರಿಸುತ್ತ ಹೋದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಷ್ಟು ಸಲ ಬಿಚ್ಚುವುದನ್ನು ಎದುರು ಕೂತು ನೋಡಿದವಳಿಗೆ, ಹೊಲಿಗೆ ಎಲ್ಲಿ ಬಿಚ್ಚುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು. ಚೌಕವನ್ನು ಮೂಲೆಗೆ ಸೇರಿಸಿ, ಕೌದಿಯನ್ನು ಅತ್ತೆಯ ಮುಂದೆ ಹಾಸಿ ನಿಂತಳು.

ಅತ್ತೆ ಮೇಲೆ ನೋಡಿದಳು, ಮಗುಚಿ ನೋಡಿದಳು. ಸೊಟ್ಟಗಿಲ್ಲ. ಸಂದಿಲ್ಲ. ಮೂಲೆಗೆ ಮೂಲೆ ಕೂಡಿತ್ತು. ಸೂಜಿಯ ಮೊನೆಯನ್ನು ಹೊಲಿಗೆಯ ಕೆಳಗೆ ತೂರಿಸಲು ನೋಡಿದಳು. ಅದು ಒಳಗೆ ಹೋಗಲೊಲ್ಲದು. ಒತ್ತಿದಳು. ಸೂಜಿ ಮುರಿಯಿತು.

ಆಗ ಒಳಗಿನ ಮಾತು ಹೊರಗೆ ಬಂತು. "ಈ ಬಟ್ಟೆ ನಮ್ಮ ಮನೆಯದಲ್ಲ."

ಸೊಸೆ ಹಿತ್ತಿಲಿಗೆ ಹೋಗಿ ಕುಡುಗೋಲು ತಂದು ಅತ್ತೆಯ ಕೈಗೇ ಕೊಟ್ಟಳು. "ನಾನೂ ನಿಮ್ಮ ಮನೆಯವಳಾಗಿರಲಿಲ್ಲ ಅತ್ತೆ, ನೀವೇ ಬಂದು ಕರೆತಂದಿರಿ. ಇದು ಇನ್ನು ಬಿಚ್ಚಲು ಬರುವುದಿಲ್ಲ, ಕೊಯ್ದೇ ತೆಗೆಯಬೇಕು. ಕೊಯ್ಯಿರಿ. ಜೊತೆಗೆ ನಿಮ್ಮ ಕೆಂಪು ಸೀರೆಯೂ ಹರಿಯುತ್ತದೆ."

ಅತ್ತೆ ಕುಡುಗೋಲು ಹಿಡಿದುಕೊಂಡೇ ಕೌದಿಯ ಮೇಲೆ ಬಾಗಿದಳು. ಹೆಬ್ಬೆರಳಿನಿಂದ ಆ ಹೊಲಿಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಆಮೇಲೆ ಕುಡುಗೋಲನ್ನು ಬದಿಗಿಟ್ಟು ಅಡುಗೆಮನೆಗೆ ಹೋದಳು. ರೊಟ್ಟಿಯ ಚೂರು, ಚಿಟಿಕೆ ಸಕ್ಕರೆ ತಂದು ಹಸಿರು ಮುಕ್ಕೋನದ ಅಡಿಗೆ ಸೇರಿಸಿದಳು. ಮೂಲೆ ಮುಚ್ಚಿ ಕೊನೆಯ ಹೊಲಿಗೆ ಹಾಕಿದಳು. ಆ ಹೊಲಿಗೆಯನ್ನು ಸೊಸೆ ಹಾಕಿದ ರೀತಿಯಲ್ಲೇ ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅತ್ತೆಯ ಮನಸ್ಸು ಕರಗಿತು?" ಎಂದು ಕಲ್ಲಿನಾಥ ಕೇಳಿದ.

"ಕರಗಿತೋ ಇಲ್ಲವೋ, ಅದನ್ನು ಕಟ್ಟಿಕೊಂಡು ನಿನಗೇನಾಗಬೇಕು? ಮಗು ಹುಟ್ಟಿತು. ಹಸಿರು ಬಟ್ಟೆಯ ಮೇಲೆ ಕೆನ್ನೆಯಿಟ್ಟು ಮಲಗಿತು. ಸೊಸೆ ಕೇಳಿದ್ದು ಅಷ್ಟೇ."

"ನನ್ನ ಮಾತನ್ನೂ ಹಾಗೆಯೇ ಕಿತ್ತು ಎಸೆದರಲ್ಲ, ಗುರುಗಳೇ."

"ಎಸೆದರು. ನಿನ್ನೆ ನಿನ್ನ ಮಾತೂ ಸೊಟ್ಟಗೇ ಇತ್ತು. ಮಣ್ಣು ಹದವಾಗುವ ಮೊದಲೇ ತಿಗರಿಗೆ ಏರಿಸಿದ್ದೆ."

ಮಠದ ಗುರುಗಳ ಬಾಯಲ್ಲಿ ತಿಗರಿಯ ಮಾತು ಕೇಳಿ ಕಲ್ಲಿನಾಥ ತಲೆ ಎತ್ತಿದ. ಹೆಗಲ ಮೇಲಿನ ಗಂಟು ಸ್ವಲ್ಪ ಜಾರಿತು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗುರುಗಳೇ ಕೇಳಿದರು.

"ಒಂದೇ ಸಲ ಬಿಚ್ಚಿದ್ದಕ್ಕೆ ಊರಿನ ದಾರಿ ಹಿಡಿದೆಯಾ, ತಮ್ಮಾ?"

ಕಲ್ಲಿನಾಥ ಹೆಗಲಿನ ಗಂಟನ್ನು ಇಳಿಸಿ ಕೆಳಗಿಟ್ಟ.