ಬಾಯ್ತುಂಬ ಕರೆಯುವ ಹೆಸರು

“ಅರ್ಥ ಒಂದೇ ಆದ ಮೇಲೆ ಹೆಸರನ್ನು ಯಾವ ನುಡಿಯಲ್ಲಿ ಕರೆದರೇನು, ಗುರುಗಳೇ?” ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಂದು ಬಂದರಿನಲ್ಲಿ ಮೆಣಸಿನ ವ್ಯಾಪಾರಿಯೊಬ್ಬನಿದ್ದ. ಅವನ ತಾಯಿ ಮುತ್ತಕ್ಕ ತೀರಿಕೊಂಡ ವರ್ಷವೇ ಅವನಿಗೆ ಹೆಣ್ಣು ಮಗು ಹುಟ್ಟಿತು. ಮಗುವಿನ ಗಲ್ಲದ ಗುಳಿ ಕಂಡು ಅವನ ಕಣ್ಣು ತುಂಬಿತು. ಅದು ತಾಯಿಯದೇ ಗುಳಿ. ಅವಳ ಹೆಸರನ್ನೇ ಇಡಬೇಕೆಂದು ಜೀವ ಹಾತೊರೆಯಿತು. ಆದರೆ ಆ ಕೇರಿಯಲ್ಲಿ ಮುತ್ತಕ್ಕ ಎಂದರೆ ನಾಲ್ವರು ಓಗೊಡುತ್ತಿದ್ದರು. ಮಗಳಿಗೂ ಅದೇ ಸವೆದ ಹೆಸರೇ?

ಹಡಗು ಬಂದಾಗಲೆಲ್ಲ ಅವನು ಓಡಿಹೋಗಿ, “ನಿಮ್ಮ ನಾಡಿನಲ್ಲಿ ಮುತ್ತನ್ನು ಏನೆಂದು ಕರೆಯುತ್ತಾರೆ?” ಎಂದು ಕೇಳುತ್ತಿದ್ದ. ಅರಬನೊಬ್ಬ ಲೂಲು ಎಂದ. ಗೋವೆಯಿಂದ ಬಂದ ಪೋರ್ಚುಗೀಸ್ ನಾವಿಕ ಪೆರೊಲಾ ಎಂದ. ಎರಡಕ್ಕೂ ವ್ಯಾಪಾರಿ ಮೂಗು ಮುರಿದ. ಹನ್ನೆರಡನೆಯ ದಿನ ಆಗಬೇಕಿದ್ದ ನಾಮಕರಣ ಮೂರು ತಿಂಗಳು ಮುಂದೆ ಹೋಯಿತು. ಕೂಸು ಹೆಸರಿಲ್ಲದೆಯೇ ಹಾಲು ಕುಡಿದು ಬೆಳೆಯಿತು, ಅದಕ್ಕೇನೂ ಅವಸರವಿರಲಿಲ್ಲ. ಕೊನೆಗೆ ಪಾರಸಿಯ ಕುದುರೆ ವ್ಯಾಪಾರಿ ‘ಮರ್ವಾರೀದ್’ ಎಂದಾಗ ಇವನು ಹಿಗ್ಗಿಹೋದ. ಇಡೀ ಕರಾವಳಿಯಲ್ಲಿ ಯಾರಿಗೂ ಇಲ್ಲದ ಹೆಸರು, ಆದರೂ ತಾಯಿಯದೇ.

ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಮನೆಯ ಹಿರಿಯರ ಹಕ್ಕು. ನಾಮಕರಣದ ದಿನ ವ್ಯಾಪಾರಿಯ ಮುದಿ ತಂದೆ ಹೊಸ ಪಂಚೆಯುಟ್ಟು ಬೆಳಗಿನಿಂದಲೇ ತೊಟ್ಟಿಲ ಬಳಿ ಕೂತಿದ್ದ. ಮಗ ಹೇಳಿಕೊಟ್ಟ ಹೆಸರನ್ನು ಎರಡು ಸಲ ಹೇಳಲು ನೋಡಿದ. ನಾಲಗೆ ಹೊರಳಲಿಲ್ಲ.

“ಅದು ಅಮ್ಮನ ಹೆಸರೇ ಅಪ್ಪಾ, ಪಾರಸಿ ಮಾತಲ್ಲಿ,” ಎಂದ ಮಗ.

ಮುದುಕ ತೊಟ್ಟಿಲ ಹಗ್ಗ ಹಿಡಿದುಕೊಂಡ. “ನಮ್ಮ ಮನೇಲಿ ಗಂಡ ಹೆಂಡ್ತಿ ಹೆಸರು ಹಿಡಿದು ಕರೆಯೋ ಹಾಗಿಲ್ಲ ಮಗಾ. ಐವತ್ತು ವರ್ಷ ‘ಇವಳೇ, ಇಲ್ಲಿ ಕೇಳು’ ಅಂತಲೇ ಕಳೆದೆ. ಈ ಕೂಸಿಗೆ ಅವಳ ಹೆಸರಿಟ್ರೆ ಒಂದು ಸಲ ಬಾಯ್ತುಂಬ ಕರೀಬೋದು ಅಂತ ಕಾದಿದ್ದೆ.”

ವ್ಯಾಪಾರಿಗೆ ಹಳೆಯ ದನಿಗಳೆಲ್ಲ ನೆನಪಾದವು. ಬಾವಿಕಟ್ಟೆಯಿಂದ ನೆರೆಯವರು, ಬಾಗಿಲಲ್ಲಿ ಮೀನು ಮಾರುವವಳು, ಹಬ್ಬಕ್ಕೆ ಬಂದ ನೆಂಟರು, ಎಲ್ಲರೂ ಮುತ್ತಕ್ಕಾ ಎಂದು ಕರೆಯುತ್ತಿದ್ದರು. ಅಪ್ಪನ ದನಿಯಲ್ಲಿ ಮಾತ್ರ ಆ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ.

“ಕರೆಯಪ್ಪಾ,” ಎಂದ.

ಕಿವಿಯಲ್ಲಿ ಉಸುರಬೇಕಾದ ಹೆಸರನ್ನು ಮುದುಕ ಕೇರಿಗೆಲ್ಲ ಕೇಳುವ ಹಾಗೆ ಕೂಗಿದ. ಮಗು ಬೆಚ್ಚಿತು. ತೊಟ್ಟಿಲ ಹಾಡು ಹೇಳಲು ಬಂದಿದ್ದ ಹೆಂಗಸರ ನಡುವಿನಿಂದ ನಾಲ್ವರು ಮುತ್ತಕ್ಕರೂ “ಓ” ಎಂದರು. ಮುದುಕ ಅಳುತ್ತಾ ನಗುತ್ತಾ ಮತ್ತೊಮ್ಮೆ ಕೂಗಿದ.

ಗುರುಗಳು ಕತೆ ನಿಲ್ಲಿಸಿದರು. “ನಾಲ್ವರು ಒಟ್ಟಿಗೆ ಓಗೊಟ್ಟರೆ ಮುದುಕನಿಗೆ ಗೊಂದಲವಾಗಲಿಲ್ಲವೇ?” ಎಂದು ಶಿಷ್ಯ ಕೇಳಿದ.

“ಅವನಿಗೆ ಕೇಳಿಸಿದ್ದು ಐದನೆಯ ಓ,” ಎಂದರು ಗುರುಗಳು.